ದೊಡ್ಡ ಲೀಗಿಗೆ ಬೀಗ ಬಿದ್ದ ವರ್ಷ: ಅಮೆರಿಕನ್ ಹಾಕಿ ಲೀಗಿನ 2004–05ರ ಋತು

ಐಸ್ ಹಾಕಿಯ ಅತ್ಯುನ್ನತ ಪ್ರಶಸ್ತಿಯಾದ ಸ್ಟ್ಯಾನ್ಲಿ ಕಪ್‌ನ ಮೇಲೆ ಪ್ರತಿ ವರ್ಷವೂ ಗೆದ್ದ ತಂಡದ ಆಟಗಾರರ ಹೆಸರುಗಳನ್ನು ಕೆತ್ತುತ್ತಾರೆ. 2004–05ರ ಜಾಗದಲ್ಲಿ ಹೆಸರುಗಳಿಲ್ಲ. ಆ ಋತುವಿನ ಆಟ ನಡೆಯಲಿಲ್ಲ ಎಂದಷ್ಟೇ ಕೆತ್ತಲಾಗಿದೆ. ಸಾಂಕ್ರಾಮಿಕ ಜ್ವರದಿಂದಾಗಿ 1919ರಲ್ಲಿ ಅಂತಿಮ ಸರಣಿ ಅರ್ಧಕ್ಕೆ ನಿಂತುಹೋದ ಮೇಲೆ ಆ ಕಪ್ಪು ಯಾರ ಕೈಗೂ ಸೇರದೆ ಉಳಿದದ್ದು ಅದೊಂದೇ ವರ್ಷ. ಇತಿಹಾಸ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್, ಬಾಗಿಲು ಮುಚ್ಚಿದ್ದರಿಂದ ಆ ಚಳಿಗಾಲ ಉತ್ತರ ಅಮೆರಿಕದಲ್ಲಿ ಹಾಕಿಯೇ ಇರಲಿಲ್ಲವೆಂಬಂತೆ ಮುಂದಿನ ಅಧ್ಯಾಯಕ್ಕೆ ದಾಟುತ್ತಾರೆ. ಈ ಉಪನ್ಯಾಸವನ್ನು ನಾನು ಒಪ್ಪಿಕೊಂಡದ್ದು ಆ ನೋಟವನ್ನು ಪ್ರಶ್ನಿಸುವುದಕ್ಕಾಗಿ. ಆ ಚಳಿಗಾಲದಲ್ಲಿ ಹಾಕಿ ಇತ್ತು. ಎರಡನೆಯ ದರ್ಜೆಯೆಂದು ಕರೆಸಿಕೊಳ್ಳುವ ಅಮೆರಿಕನ್ ಹಾಕಿ ಲೀಗಿನ 28 ತಂಡಗಳು ತಲಾ 80 ಪಂದ್ಯಗಳನ್ನು ಆಡಿದವು. ಮೇಲಿನ ಲೀಗು ಮುಂದಿನ ವರ್ಷ ಬಾಗಿಲು ತೆರೆದಾಗ ಅದು ಆಡಿದ ಆಟದ ಬಹುಪಾಲು, ಅದರ ಆಟಗಾರರಿಂದ ಹಿಡಿದು ಅದರ ನಿಯಮಗಳವರೆಗೆ, ಕೆಳಗಿನ ಲೀಗಿನಲ್ಲಿ ತಯಾರಾಗಿ ಬಂದದ್ದಾಗಿತ್ತು.

ಹಾಕಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಕೊಡಗು, ಬೇಸಿಗೆಯ ಕೌಟುಂಬಿಕ ಹಾಕಿ ಹಬ್ಬ, ಮೈದಾನದ ಹಾಕಿ. ನಾನು ಹೇಳಹೊರಟಿರುವ ಆಟ ಅದರ ದೂರದ ನೆಂಟ. ಹಿಮಗಟ್ಟಿದ ನೆಲದ ಮೇಲೆ ಸ್ಕೇಟ್ ಕಟ್ಟಿಕೊಂಡ ಐವರು ಆಟಗಾರರು ಮತ್ತು ಒಬ್ಬ ಗೋಲ್‌ಕೀಪರ್, ಚೆಂಡಿನ ಬದಲು ಗಟ್ಟಿ ರಬ್ಬರಿನ ಚಪ್ಪಟೆ ಬಿಲ್ಲೆಯಾದ ಪಕ್, ತಲಾ 20 ನಿಮಿಷಗಳ ಮೂರು ಅವಧಿಗಳು. ನಮ್ಮ ದೇಶದಲ್ಲಿ ಈ ಆಟ ನೆಲೆ ಕಂಡಿರುವುದು ಮುಖ್ಯವಾಗಿ ಲಡಾಖ್ ಮತ್ತು ಹಿಮಾಚಲದ ಚಳಿ ಪ್ರದೇಶಗಳಲ್ಲಿ. ಉತ್ತರ ಅಮೆರಿಕದಲ್ಲಿ ಇದು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ಉದ್ಯಮ. ತುದಿಯಲ್ಲಿ ಎನ್‌ಎಚ್‌ಎಲ್‌ನ 30 ತಂಡಗಳು (ಆಗಿನ ಲೆಕ್ಕ), ಅದರ ಕೆಳಗೆ 1936ರಲ್ಲಿ ಹುಟ್ಟಿದ ಅಮೆರಿಕನ್ ಹಾಕಿ ಲೀಗ್, ಅಂದರೆ ಎಎಚ್‌ಎಲ್, ಅದರ ಕೆಳಗೆ ಇಸಿಎಚ್‌ಎಲ್, ಅದಕ್ಕೂ ಕೆಳಗೆ ಆ ಕಾಲಕ್ಕೆ ಯುನೈಟೆಡ್ ಹಾಕಿ ಲೀಗ್‌ನಂಥ ಇನ್ನೂ ಚಿಕ್ಕ ಸಂಸ್ಥೆಗಳು. ಎಎಚ್‌ಎಲ್ ತಂಡಗಳು ಒಂದೊಂದು ಎನ್‌ಎಚ್‌ಎಲ್ ತಂಡದೊಂದಿಗೆ, ಕೆಲವೊಮ್ಮೆ ಎರಡರೊಂದಿಗೆ, ಒಪ್ಪಂದ ಮಾಡಿಕೊಂಡಿರುತ್ತವೆ. ಆಟಗಾರನ ಸಂಬಳ ಮೇಲಿನವರದ್ದು, ಟಿಕೆಟ್ಟು ಮಾರುವ ಕೆಲಸ ಕೆಳಗಿನವರದ್ದು. ಎಎಚ್‌ಎಲ್ ಗೆದ್ದವರಿಗೆ ಕೊಡುವ ಕಪ್ಪಿಗೂ ಎನ್‌ಎಚ್‌ಎಲ್‌ನ ಮೊದಲ ಅಧ್ಯಕ್ಷ ಫ್ರ್ಯಾಂಕ್ ಕಾಲ್ಡರ್ ಅವರ ಹೆಸರೇ ಇದೆ. ಅಧೀನತೆಯ ಈ ಸಂಬಂಧವನ್ನು ಇಷ್ಟು ಬಿಚ್ಚುಮನಸ್ಸಿನಿಂದ ತೋರಿಸುವ ಕ್ರೀಡಾ ಪ್ರಶಸ್ತಿ ಬೇರೊಂದು ನನಗೆ ಕಂಡಿಲ್ಲ.

ಈಗ ಲಾಕೌಟಿನ ವಿಷಯ. ಬೆಂಗಳೂರಿನ ಕಾರ್ಖಾನೆಗಳ ಇತಿಹಾಸ ಬಲ್ಲವರಿಗೆ ಮುಷ್ಕರಕ್ಕೂ ಲಾಕೌಟಿಗೂ ಇರುವ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಇಲ್ಲಿ ಕೆಲಸ ನಿಲ್ಲಿಸಿದವರು ಆಟಗಾರರಲ್ಲ, ಮಾಲೀಕರು. ಆಟಗಾರರ ಸಂಘದೊಂದಿಗಿನ ಸಾಮೂಹಿಕ ಒಪ್ಪಂದದ ಅವಧಿ 2004ರ ಸೆಪ್ಟೆಂಬರ್ 15ರಂದು ಮುಗಿಯಿತು, ಮರುದಿನವೇ ಬಾಗಿಲು ಮುಚ್ಚಿತು. ತಂಡವೊಂದು ಸಂಬಳಕ್ಕೆ ಖರ್ಚು ಮಾಡಬಹುದಾದ ಹಣಕ್ಕೆ ಮಿತಿ ಹಾಕಲೇಬೇಕೆಂದು ಮಾಲೀಕರು ಪಟ್ಟು ಹಿಡಿದರು. ಮಿತಿ ಬೇಡವೇ ಬೇಡ ಎಂದು ಆಟಗಾರರು ತಿಂಗಳುಗಟ್ಟಲೆ ನಿಂತರು. ಕೊನೆಯ ಗಳಿಗೆಯಲ್ಲಿ ಆಟಗಾರರು ಮಿತಿಯ ತತ್ವವನ್ನು ಒಪ್ಪಿಕೊಂಡಾಗ ಮಾತು ಮೊತ್ತಕ್ಕೆ ಬಂದು ನಿಂತಿತು. ಮಾಲೀಕರು ತಂಡಕ್ಕೆ 4.25 ಕೋಟಿ ಡಾಲರ್ ಎಂದರು, ಆಟಗಾರರು 4.9 ಕೋಟಿ ಎಂದರು. ಹೊಂದಾಣಿಕೆ ಆಗಲಿಲ್ಲ. 2005ರ ಫೆಬ್ರುವರಿ 16ರಂದು ಕಮಿಷನರ್ ಗ್ಯಾರಿ ಬೆಟ್‌ಮನ್ ಇಡೀ ಋತುವನ್ನು, ಅಂದರೆ 1230 ಪಂದ್ಯಗಳನ್ನು, ರದ್ದುಗೊಳಿಸಿದರು. ಕಾರ್ಮಿಕ ವಿವಾದಕ್ಕಾಗಿ ಒಂದು ಪೂರ್ತಿ ಋತುವನ್ನೇ ಕಳೆದುಕೊಂಡ ಉತ್ತರ ಅಮೆರಿಕದ ಮೊದಲ ದೊಡ್ಡ ಲೀಗ್ ಅದಾಯಿತು. ಆ ಬೇಸಿಗೆಯಲ್ಲಿ ಕೊನೆಗೂ ಒಪ್ಪಂದವಾದಾಗ ನಿಗದಿಯಾದ ಮಿತಿ 3.9 ಕೋಟಿ ಡಾಲರ್. ಫೆಬ್ರುವರಿಯಲ್ಲಿ ತಿರಸ್ಕರಿಸಿದ್ದಕ್ಕಿಂತಲೂ ಕಡಿಮೆ ಮೊತ್ತಕ್ಕೆ ಆಟಗಾರರು ಜುಲೈನಲ್ಲಿ ಸಹಿ ಹಾಕಿದರು.

ಮೇಲಿನ ಮನೆಗೆ ಬಿದ್ದ ಬೀಗ ಕೆಳಗಿನ ಮನೆಗೆ ಏಕೆ ಬೀಳಲಿಲ್ಲ? ಇದಕ್ಕೆ ಕಾರಣ ಎಎಚ್‌ಎಲ್ ಮತ್ತು ಇಸಿಎಚ್‌ಎಲ್ ಆಟಗಾರರಿಗೆ ತಮ್ಮದೇ ಪ್ರತ್ಯೇಕ ಸಂಘವಿದ್ದದ್ದು. 1967ರಲ್ಲಿ ಆರಂಭವಾದ ಪ್ರೊಫೆಷನಲ್ ಹಾಕಿ ಪ್ಲೇಯರ್ಸ್ ಅಸೋಸಿಯೇಷನ್ ಕಿರಿಯ ಲೀಗುಗಳ ಆಟಗಾರರ ಪರವಾಗಿ ಬೇರೆಯೇ ಒಪ್ಪಂದ ಮಾಡಿಕೊಂಡಿತ್ತು. ಎನ್‌ಎಚ್‌ಎಲ್ ಜಗಳ ಅದರ ಮೇಲೆ ಕಾನೂನಿನ ದೃಷ್ಟಿಯಿಂದ ಬೀಳುವಂತಿರಲಿಲ್ಲ. ಇನ್ನೊಂದು ಸಂಗತಿ ಆಗ ಹೆಚ್ಚು ಕೆಲಸ ಮಾಡಿತು. ಹೊಸದಾಗಿ ವೃತ್ತಿಗೆ ಬಂದ ಯುವ ಆಟಗಾರರು ಸಾಮಾನ್ಯವಾಗಿ ಟೂ-ವೇ ಕರಾರಿನ ಮೇಲಿರುತ್ತಾರೆ: ಎನ್‌ಎಚ್‌ಎಲ್‌ನಲ್ಲಿ ಆಡಿದರೆ ಒಂದು ಸಂಬಳ, ಎಎಚ್‌ಎಲ್‌ಗೆ ಕಳಿಸಿದರೆ ಅದಕ್ಕಿಂತ ಬಹಳ ಕಡಿಮೆಯಾದ ಇನ್ನೊಂದು. ಲಾಕೌಟ್ ಬರುವುದು ಖಚಿತವೆಂದು ತಿಳಿದ ತಂಡಗಳು ಬೇರೆ ತಂಡಗಳ ಪಾಲಾಗುವ ಭಯವಿಲ್ಲದೆ ಕೆಳಗೆ ಕಳಿಸಬಹುದಾದ ತಮ್ಮ ಯುವಕರನ್ನೆಲ್ಲ ಗಡುವಿಗೆ ಮೊದಲೇ ಎಎಚ್‌ಎಲ್‌ಗೆ ಕಳಿಸಿಬಿಟ್ಟವು. ಸ್ಥಿರವಾದ ದೊಡ್ಡ ಕರಾರುಗಳಿದ್ದ ಹಿರಿಯರಿಗೆ ಆ ದಾರಿ ಇರಲಿಲ್ಲ. ಅವರಲ್ಲಿ 380ಕ್ಕೂ ಹೆಚ್ಚು ಮಂದಿ ಆ ವರ್ಷ ಯುರೋಪಿನ ಲೀಗುಗಳಲ್ಲಿ ಆಡಿದರು. ಹೀಗೆ ಒಂದು ವಿಚಿತ್ರ ಜರಡಿ ಹಿಡಿದಂತಾಯಿತು. ಇನ್ನೊಂದೆರಡು ವರ್ಷಗಳಲ್ಲಿ ಎನ್‌ಎಚ್‌ಎಲ್ ಆಳಲಿದ್ದ ಇಪ್ಪತ್ತು, ಇಪ್ಪತ್ತೊಂದರ ತರುಣರೆಲ್ಲ ಏಕಕಾಲಕ್ಕೆ ಒಂದೇ ಕಿರಿಯ ಲೀಗಿನಲ್ಲಿ ಬಂದು ಸೇರಿದರು.

ಅವರು ಬಂದು ಸೇರಿದ ಊರುಗಳನ್ನು ಸ್ವಲ್ಪ ಗಮನಿಸಬೇಕು. ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್, ಮ್ಯಾಸಚೂಸೆಟ್ಸ್‌ನ ಲೋವೆಲ್, ನ್ಯೂ ಹ್ಯಾಂಪ್‌ಷೈರಿನ ಮ್ಯಾಂಚೆಸ್ಟರ್, ಪೆನ್ಸಿಲ್ವೇನಿಯಾದ ಕಲ್ಲಿದ್ದಲ ಸೀಮೆಯ ವಿಲ್ಕ್ಸ್-ಬ್ಯಾರ್ ಮತ್ತು ಸ್ಕ್ರ್ಯಾಂಟನ್, ಚಾಕೊಲೇಟಿನ ಊರಾದ ಹರ್ಷಿ. ಇವುಗಳಲ್ಲಿ ಹಲವು ಜವಳಿ ಗಿರಣಿ, ಬೂಟಿನ ಕಾರ್ಖಾನೆ, ಗಣಿಗಳನ್ನು ನಂಬಿ ಬೆಳೆದು, ಅವು ಮುಚ್ಚಿದ ಮೇಲೆ ಸೊರಗಿದ ಊರುಗಳು. ಆಗ ಅಲ್ಲಿನ ಹಾಕಿ ತಂಡ ಊರಿನ ಹೆಸರು ಪತ್ರಿಕೆಯಲ್ಲಿ ಬರುವುದಕ್ಕೆ ಉಳಿದಿದ್ದ ಕೆಲವೇ ಕಾರಣಗಳಲ್ಲಿ ಒಂದಾಗಿತ್ತು. ಟಿಕೆಟ್ಟು ಖರ್ಚಾಗುವುದು ವಾರಾಂತ್ಯದಲ್ಲಿ. ಆದ್ದರಿಂದ ಎಎಚ್‌ಎಲ್ ವೇಳಾಪಟ್ಟಿಯಲ್ಲಿ ಆಗ ಮೂರು ದಿನಕ್ಕೆ ಮೂರು ಪಂದ್ಯಗಳು ಸಾಮಾನ್ಯವಾಗಿದ್ದವು. ಶುಕ್ರವಾರ ರಾತ್ರಿ ತಮ್ಮೂರಿನಲ್ಲಿ ಆಡಿ, ಬೆವರಿನಲ್ಲಿ ನೆಂದ ಸಾಮಾನುಗಳನ್ನು ಬಸ್ಸಿನ ಹೊಟ್ಟೆಗೆ ತುಂಬಿ, ರಾತ್ರಿಯಿಡೀ ಹೆದ್ದಾರಿಯಲ್ಲಿ ಸಾಗಿ ಶನಿವಾರ ಇನ್ನೊಂದು ಊರಿನಲ್ಲಿ ಆಡಿ, ಭಾನುವಾರ ಮಧ್ಯಾಹ್ನದ ಹೊತ್ತಿಗೆ ಮೂರನೆಯ ಊರಿನಲ್ಲಿ ಸ್ಕೇಟ್ ಕಟ್ಟಬೇಕಿತ್ತು. ಖಾಸಗಿ ವಿಮಾನದಲ್ಲಿ ಪ್ರಯಾಣಿಸುವ ಎನ್‌ಎಚ್‌ಎಲ್‌ನ ರುಚಿ ಕಂಡು ಬಂದ ತರುಣರು ಆ ವರ್ಷ ಪೂರ್ತಿ ಹೀಗೆ ತಿರುಗಿದರು.

ಅವರಲ್ಲಿ ಜೇಸನ್ ಸ್ಪೆಜ್ಜಾ ಒಬ್ಬರು. ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2001ರ ಆಯ್ಕೆಯಲ್ಲಿ ಎರಡನೆಯವರಾಗಿ ಆರಿಸಿಕೊಂಡ ಒಟ್ಟಾವಾ ಸೆನೆಟರ್ಸ್ ಅವರಿಗೆ ಆಗಲೇ ಎನ್‌ಎಚ್‌ಎಲ್‌ನಲ್ಲಿ ಸ್ಥಾನ ಕೊಟ್ಟಿತ್ತು. ಲಾಕೌಟಿನ ವರ್ಷ ಅವರು ಬಿಂಗ್‌ಹ್ಯಾಮ್ಟನ್‌ಗೆ ಬಂದು 32 ಗೋಲು, 85 ನೆರವುಗಳೊಂದಿಗೆ 117 ಅಂಕ ಗಳಿಸಿ ಲೀಗಿನ ಪಟ್ಟಿಯಲ್ಲಿ ಮೊದಲಿಗರಾದರು, ಅತ್ಯುತ್ತಮ ಆಟಗಾರ ಪ್ರಶಸ್ತಿಯನ್ನೂ ಪಡೆದರು. ಇದೇ ಬಿಂಗ್‌ಹ್ಯಾಮ್ಟನ್ ತಂಡದಲ್ಲಿ ಬ್ರಯನ್ ಮ್ಯಾಕ್‌ಗ್ರ್ಯಾಟನ್ ಎಂಬ ಇನ್ನೊಬ್ಬರಿದ್ದರು. ಅವರ ಕೆಲಸ ಹೊಡೆದಾಟ. ಸ್ಪೆಜ್ಜಾರಂಥವರ ಮೈಮೇಲೆ ಯಾರಾದರೂ ಕೈ ಮಾಡಿದರೆ ಕೈಗವಸು ಕಳಚಿ ಉತ್ತರ ಕೊಡುವುದು. ಆ ಋತುವಿನ 71 ಪಂದ್ಯಗಳಲ್ಲಿ ಅವರಿಗೆ ಬಿದ್ದ ದಂಡದ ಅವಧಿ (ತಪ್ಪಿಗಾಗಿ ಆಟದಿಂದ ಹೊರಗೆ ಕೂರಬೇಕಾದ ಸಮಯ) ಒಟ್ಟು 551 ನಿಮಿಷ, ಎಎಚ್‌ಎಲ್‌ನಲ್ಲಿ ಒಂದು ಋತುವಿನ ದಾಖಲೆ. ಪಂದ್ಯವೊಂದು 60 ನಿಮಿಷದ್ದು. ಅಂದರೆ ಒಂಬತ್ತು ಪಂದ್ಯಗಳನ್ನೂ ಮೀರಿದ ಹೊತ್ತಿನ ದಂಡ. ಒಂದೇ ತಂಡದ ಈ ಎರಡು ದಾಖಲೆಗಳನ್ನು ಜೊತೆಗಿಟ್ಟು ನೋಡಿದಾಗ ಆ ಕಾಲದ ಕಿರಿಯ ಲೀಗಿನ ಆಟದ ಸ್ವರೂಪ ಕಣ್ಣಿಗೆ ಕಟ್ಟುತ್ತದೆ: ಅದು ಮುಂದಿನ ಹತ್ತು ವರ್ಷಗಳ ಚುರುಕಾದ ಆಟದ ಶಾಲೆಯೂ ಹೌದು, ಹಿಂದಿನ ಮೂವತ್ತು ವರ್ಷಗಳ ಒರಟು ಪದ್ಧತಿಯ ಕೊನೆಯ ದೊಡ್ಡ ಅಂಗಳವೂ ಹೌದು. ಮ್ಯಾಕ್‌ಗ್ರ್ಯಾಟನ್ ಮುಂದೆ ತಮ್ಮ ಮದ್ಯವ್ಯಸನದ ಬಗ್ಗೆ ಬಹಿರಂಗವಾಗಿ ಮಾತಾಡಿದರು, ಅದರಿಂದ ಹೊರಬಂದರು, ಅದೇ ಕಷ್ಟದಲ್ಲಿರುವ ಆಟಗಾರರಿಗೆ ನೆರವಾಗುವ ಕೆಲಸವನ್ನೂ ಮಾಡಿದರು. ಆ 551 ನಿಮಿಷಗಳನ್ನು ಕೇವಲ ಮೋಜಿನ ಅಂಕಿಯಾಗಿ ಉಲ್ಲೇಖಿಸುವುದು ನನಗೆ ಸರಿಕಾಣುವುದಿಲ್ಲ.

ಲೋವೆಲ್‌ನ ಲಾಕ್ ಮಾನ್‌ಸ್ಟರ್ಸ್ ತಂಡದ ಕಥೆ ನನ್ನ ವಾದಕ್ಕೆ ಇನ್ನೂ ಹತ್ತಿರದ್ದು. ಎರಿಕ್ ಸ್ಟಾಲ್ 2003–04ರಲ್ಲಿ ಕ್ಯಾರೊಲಿನಾ ಹರಿಕೇನ್ಸ್ ಪರ ಎನ್‌ಎಚ್‌ಎಲ್‌ನಲ್ಲಿ ಮೊದಲ ಋತು ಆಡಿ 31 ಅಂಕ ಗಳಿಸಿದ್ದ ಹುಡುಗ. ಲಾಕೌಟ್ ಇಲ್ಲದಿದ್ದರೆ ಅವರು ಎನ್‌ಎಚ್‌ಎಲ್‌ನಲ್ಲೇ ಇರುತ್ತಿದ್ದರು, ಪಂದ್ಯಕ್ಕೆ ಕೆಲವೇ ನಿಮಿಷ ಆಡಿ ಬೆಂಚಿನಲ್ಲಿ ಕೂರುತ್ತಿದ್ದರು. ಬದಲಿಗೆ ಗಿರಣಿಗಳ ಊರಾದ ಲೋವೆಲ್‌ಗೆ ಬಂದರು. ಇಲ್ಲಿ ತಂಡದ ಆಟವೆಲ್ಲ ಅವರ ಸುತ್ತಲೇ ನಡೆಯಿತು. 77 ಅಂಕ ಗಳಿಸಿದರು. ಮರುವರ್ಷ ಎನ್‌ಎಚ್‌ಎಲ್‌ಗೆ ಮರಳಿದಾಗ ಅವರ ಅಂಕ 100. ಅದೇ ಲೋವೆಲ್‌ನಲ್ಲಿ ಅವರ ಜೊತೆಗಿದ್ದ ಗೋಲ್‌ಕೀಪರ್ ಕ್ಯಾಮ್ ವಾರ್ಡ್. 2006ರಲ್ಲಿ ಕ್ಯಾರೊಲಿನಾ ತನ್ನ ಮೊದಲ ಸ್ಟ್ಯಾನ್ಲಿ ಕಪ್ ಗೆದ್ದಾಗ ಪ್ಲೇಆಫ್‌ನ, ಅಂದರೆ ಋತುವಿನ ಕೊನೆಯ ನಾಕೌಟ್ ಸುತ್ತುಗಳ, ಅಂಕಪಟ್ಟಿಯಲ್ಲಿ ಸ್ಟಾಲ್ ಮೊದಲಿಗರು, ಪ್ಲೇಆಫ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ ವಾರ್ಡ್ ಅವರದು. ಅಂತಿಮ ಸರಣಿಯಲ್ಲಿ ಅವರೆದುರು ಸೋತ ಎಡ್ಮಂಟನ್ ಆಯ್ಲರ್ಸ್ ತಂಡದ ಜ್ಯಾರೆಟ್ ಸ್ಟಾಲ್, ರಾಫಿ ಟೋರೆಸ್ ಕೂಡ ಹಿಂದಿನ ವರ್ಷ ಎಎಚ್‌ಎಲ್‌ನಲ್ಲೇ ಆಡಿದ್ದವರು. ಎಡ್ಮಂಟನ್ ತನ್ನ ಖಾಲಿ ಬಿದ್ದ ಕ್ರೀಡಾಂಗಣದಲ್ಲಿ ರೋಡ್ ರನ್ನರ್ಸ್ ಎಂಬ ಎಎಚ್‌ಎಲ್ ತಂಡವನ್ನು ಆ ಒಂದೇ ವರ್ಷ ಆಡಿಸಿತು. ಲೋವೆಲ್‌ಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದರೆ, 2010ರ ನಂತರ ಆ ಊರಿನಲ್ಲಿ ಎಎಚ್‌ಎಲ್ ತಂಡವೇ ಇಲ್ಲ ಎಂಬುದೇ ಉತ್ತರ.

ಉಳಿದವರನ್ನು ಬೇಗ ಹೇಳಿ ಮುಗಿಸುತ್ತೇನೆ. ರೋಚೆಸ್ಟರ್‌ನಲ್ಲಿ ಗೋಲ್‌ಕೀಪರ್ ರಯನ್ ಮಿಲ್ಲರ್ 41 ಪಂದ್ಯ ಗೆದ್ದರು, ಥಾಮಸ್ ವಾನೆಕ್ 42 ಗೋಲು ಹೊಡೆದರು, ತಂಡ 112 ಅಂಕಗಳೊಂದಿಗೆ ಇಡೀ ಲೀಗಿಗೆ ಮೊದಲಾಯಿತು. ಮ್ಯಾಂಚೆಸ್ಟರ್‌ನಲ್ಲಿ ಮೈಕ್ ಕಮಲೆರಿ 46 ಗೋಲುಗಳೊಂದಿಗೆ ಗೋಲುಗಳ ಪಟ್ಟಿಯ ತುದಿಯಲ್ಲಿದ್ದರು. ಪ್ರಾವಿಡೆನ್ಸ್‌ನಲ್ಲಿ ಪ್ಯಾಟ್ರಿಸ್ ಬರ್ಜೆರಾನ್, ಆಲ್ಬನಿಯಲ್ಲಿ ಝ್ಯಾಕ್ ಪರೀಸೆ, ವಿಲ್ಕ್ಸ್-ಬ್ಯಾರ್‌ನಲ್ಲಿ ಮಾರ್ಕ್-ಆಂಡ್ರೆ ಫ್ಲೂರಿ, ಮ್ಯಾನಿಟೋಬಾದಲ್ಲಿ ರಯನ್ ಕೆಸ್ಲರ್. ಇವರಲ್ಲಿ ಮಿಲ್ಲರ್, ಪರೀಸೆ, ಕೆಸ್ಲರ್ 2010ರ ಒಲಿಂಪಿಕ್ ಫೈನಲ್‌ನಲ್ಲಿ ಅಮೆರಿಕದ ಪರ ಆಡಿದರೆ ಅವರೆದುರಿಗೆ ಚಿನ್ನ ಗೆದ್ದ ಕೆನಡಾ ತಂಡದಲ್ಲಿ ಬರ್ಜೆರಾನ್, ಫ್ಲೂರಿ, ಸ್ಟಾಲ್ ಇದ್ದರು.

ಆಟಗಾರರಿಗಿಂತಲೂ ಹೆಚ್ಚು ಕಾಲ ಉಳಿದದ್ದು ನಿಯಮಗಳು. ತೊಂಬತ್ತರ ದಶಕದ ಮಧ್ಯದಿಂದ ಎನ್‌ಎಚ್‌ಎಲ್ ಆಟ ಬಿಗಿದುಕೊಂಡು ಹೋಗಿತ್ತು. ನಡುಭಾಗದಲ್ಲಿ ಗುಂಪುಗೂಡಿ ದಾರಿ ಕಟ್ಟುವುದು, ಎದುರಾಳಿಯನ್ನು ಕೋಲಿನಿಂದ ಎಳೆದು ಹಿಡಿಯುವುದು ಇವುಗಳಿಂದ ಗೋಲುಗಳು ಕಡಿಮೆಯಾಗಿ ಪ್ರೇಕ್ಷಕರು ಬೇಸತ್ತಿದ್ದರು. ಬದಲಾವಣೆಗಳನ್ನು ಪ್ರಯೋಗಿಸಿ ನೋಡುವುದಕ್ಕೆ ಎಎಚ್‌ಎಲ್ 2004–05ರಲ್ಲಿ ಅಂಗಳವಾಯಿತು. ಡೇವಿಡ್ ಆಂಡ್ರ್ಯೂಸ್ ಆಗ ಅದರ ಅಧ್ಯಕ್ಷರು. 1994ರಿಂದ 2020ರವರೆಗೆ ಆ ಹುದ್ದೆಯಲ್ಲಿದ್ದು ಲೀಗನ್ನು ಕಟ್ಟಿದವರು. ಮೂರು ನಿಯಮಗಳನ್ನು ಮಾತ್ರ ಎತ್ತಿಕೊಳ್ಳುತ್ತೇನೆ.

ಮೊದಲನೆಯದು ಶೂಟೌಟ್. ಅದುವರೆಗೆ ಹೆಚ್ಚುವರಿ ಐದು ನಿಮಿಷದಲ್ಲೂ ಗೋಲು ಬಾರದಿದ್ದರೆ ಪಂದ್ಯ ಸಮಬಲದಲ್ಲಿ ಮುಗಿಯುತ್ತಿತ್ತು. ಆ ವರ್ಷ ಎಎಚ್‌ಎಲ್ ಪ್ರತಿ ತಂಡದಿಂದ ಐವರು ಒಬ್ಬೊಬ್ಬರಾಗಿ ನಡುವಿನಿಂದ ಪಕ್ ತಂದು ಗೋಲ್‌ಕೀಪರನ್ನು ಎದುರಿಸುವ ಪದ್ಧತಿಯನ್ನು ತಂದಿತು. ಸೋತವರಿಗೂ ಒಂದು ಅಂಕ, ಅಂಕಪಟ್ಟಿಯಲ್ಲಿ ಅದಕ್ಕೇ ಬೇರೊಂದು ಅಂಕಣ. ಇದನ್ನು ಎಎಚ್‌ಎಲ್ ಹುಟ್ಟುಹಾಕಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಇಂಟರ್‌ನ್ಯಾಷನಲ್ ಹಾಕಿ ಲೀಗ್ ಎಂಬ ಇನ್ನೊಂದು ಕಿರಿಯ ಲೀಗ್ ಅದನ್ನು ಎಂಬತ್ತರ ದಶಕದಲ್ಲೇ ಬಳಸಿತ್ತು; ಆ ಲೀಗ್ 2001ರಲ್ಲಿ ಮುಚ್ಚಿದಾಗ ಅದರ ಆರು ತಂಡಗಳು ಎಎಚ್‌ಎಲ್ ಸೇರಿದವು. ಎನ್‌ಎಚ್‌ಎಲ್ ಮರುವರ್ಷ ಶೂಟೌಟನ್ನು ಹೊಡೆತಗಾರರ ಸಂಖ್ಯೆ ಮೂರಕ್ಕಿಳಿಸಿ ತನ್ನದಾಗಿಸಿಕೊಂಡಿತು. ಅದರ ಮೊದಲ ಶೂಟೌಟ್ ನಡೆದದ್ದು 2005ರ ಅಕ್ಟೋಬರ್ 5ರಂದು ಟೊರಾಂಟೊದಲ್ಲಿ, ಗೆದ್ದದ್ದು ಒಟ್ಟಾವಾ.

ಎರಡನೆಯದು ಆಫ್‌ಸೈಡಿಗೆ ಸಂಬಂಧಿಸಿದ್ದು. ದಾಳಿ ಮಾಡುವ ತಂಡದ ಆಟಗಾರ ಪಕ್‌ಗಿಂತ ಮೊದಲೇ ನೀಲಿ ಗೆರೆ (ಎದುರಾಳಿಯ ವಲಯ ಆರಂಭವಾಗುವ ಗೆರೆ) ದಾಟಿದ್ದರೆ ಕೂಡಲೇ ಸೀಟಿ ಬೀಳುತ್ತಿತ್ತು. ಹೊಸ ನಿಯಮದಲ್ಲಿ ಆತ ಹಿಂದಕ್ಕೆ ಬಂದು ಗೆರೆ ಮುಟ್ಟಿದರೆ ಸಾಕು, ಆಟ ಮುಂದುವರಿಯುತ್ತದೆ. ಎನ್‌ಎಚ್‌ಎಲ್ ಹಿಂದೊಮ್ಮೆ ಬಳಸಿ ಕೈಬಿಟ್ಟಿದ್ದ ಈ ನಿಯಮವನ್ನು ಎಎಚ್‌ಎಲ್ ಮರಳಿ ಪರೀಕ್ಷಿಸಿತು. ಕೇಳುವುದಕ್ಕೆ ಸಣ್ಣ ಸಂಗತಿ. ಆದರೆ ಪಂದ್ಯವೊಂದರಲ್ಲಿ ಎಷ್ಟು ಸಲ ಸೀಟಿ ಊದುತ್ತಾರೆ ಎಂಬುದನ್ನು ಗಮನಿಸಿದವರಿಗೆ ಇದರ ಬೆಲೆ ಗೊತ್ತು. ಪ್ರತಿ ಸೀಟಿಯೂ ದಣಿದ ರಕ್ಷಣೆಗೆ ಉಸಿರು ತೆಗೆದುಕೊಳ್ಳಲು ಕೊಡುವ ಬಿಡುವು.

ಮೂರನೆಯದು ಗೋಲ್‌ಕೀಪರ್‌ಗಳ ಓಡಾಟದ ಮೇಲಿನ ನಿರ್ಬಂಧ. ಪಕ್ ಆಡುವುದರಲ್ಲಿ ನಿಪುಣರಾದ ಗೋಲ್‌ಕೀಪರ್‌ಗಳು ಗೋಲಿನ ಹಿಂದಿನ ಮೂಲೆಗಳಿಗೆ ಹೋಗಿ, ಎದುರಾಳಿ ಎಸೆದ ಪಕ್ಕನ್ನು ತಾವೇ ಹಿಡಿದು ಹೊರಗಟ್ಟುತ್ತಿದ್ದರು. ಇದರಿಂದ ದಾಳಿಯ ಒಂದು ಮುಖ್ಯ ದಾರಿಯೇ ಮುಚ್ಚಿಹೋಗುತ್ತಿತ್ತು. ಎಎಚ್‌ಎಲ್ ಪ್ರಯೋಗಿಸಿ ಎನ್‌ಎಚ್‌ಎಲ್ ಸ್ವೀಕರಿಸಿದ ವ್ಯವಸ್ಥೆಯಲ್ಲಿ ಗೋಲಿನ ಹಿಂದೆ ಗೆರೆ ಎಳೆದ, ಹಿಂದಕ್ಕೆ ಹೋದಂತೆ ಅಗಲವಾಗುವ ಒಂದು ತುಂಡು ಜಾಗದಲ್ಲಿ ಮಾತ್ರ ಗೋಲ್‌ಕೀಪರ್ ಪಕ್ ಮುಟ್ಟಬಹುದು. ಗೋಲು ಗೆರೆಯ ಹಿಂದಿನ ಮೂಲೆಗಳು ಆತನಿಗೆ ನಿಷಿದ್ಧ. ಇಂದು ಯಾವುದೇ ಎನ್‌ಎಚ್‌ಎಲ್ ಪಂದ್ಯ ನೋಡಿದರೂ ಆ ಗೆರೆಗಳು ಕಾಣುತ್ತವೆ. ಹೊಸ ಆಟವೆಂದು ಎನ್‌ಎಚ್‌ಎಲ್ 2005ರ ಶರತ್ಕಾಲದಲ್ಲಿ ಜಾಹೀರುಪಡಿಸಿದ್ದನ್ನು ಆ ಗಿರಣಿ ಊರುಗಳ ಪ್ರೇಕ್ಷಕರು ವರ್ಷ ಮೊದಲೇ ಹಣ ಕೊಟ್ಟು ನೋಡಿದ್ದರು. ಆ ತರುಣರಿಗೆ ಮೊದಲ ದಿನದಿಂದಲೇ ಹೊಸ ನಿಯಮಗಳು ಮೈಗೂಡಿದ್ದವು, ಯುರೋಪಿನಿಂದ ಮರಳಿದ ಅಥವಾ ಮನೆಯಲ್ಲೇ ಕುಳಿತಿದ್ದ ಹಿರಿಯರಿಗೆ ಮೈಗೂಡಿರಲಿಲ್ಲ. ಲಾಕೌಟಿನ ನಂತರ ಯುವ ಆಟಗಾರರು ಎನ್‌ಎಚ್‌ಎಲ್‌ನಲ್ಲಿ ಒಮ್ಮೆಲೇ ಮುಂದೆ ಬಂದದ್ದಕ್ಕೆ ಇದೂ ಒಂದು ಕಾರಣವೆಂದು ನಾನು ತಿಳಿಯುತ್ತೇನೆ.

ಈಗ ಆ ಋತುವಿನ ವಿಜೇತರ ಕಡೆಗೆ. ಫಿಲಡೆಲ್ಫಿಯಾ ಫ್ಯಾಂಟಮ್ಸ್ ತಂಡದ ಸ್ಥಿತಿ ಎಎಚ್‌ಎಲ್‌ನಲ್ಲೇ ವಿಶೇಷವಾದದ್ದು. ಬಹುಪಾಲು ಕಿರಿಯ ತಂಡಗಳು ತಮ್ಮ ಹಿರಿಯ ತಂಡದಿಂದ ನೂರಾರು ಮೈಲಿ ದೂರದ ಊರಿನಲ್ಲಿದ್ದರೆ ಫ್ಯಾಂಟಮ್ಸ್ ಮತ್ತು ಅದರ ಹಿರಿಯ ಎನ್‌ಎಚ್‌ಎಲ್ ತಂಡವಾದ ಫ್ಲೈಯರ್ಸ್ ಒಂದೇ ಊರಿನವು, ಒಂದೇ ವಾಹನ ನಿಲುಗಡೆಯ ಸುತ್ತ ಇದ್ದವು. 1967ರಲ್ಲಿ ತೆರೆದ ಸ್ಪೆಕ್ಟ್ರಮ್ ಕ್ರೀಡಾಂಗಣವನ್ನು ಫ್ಲೈಯರ್ಸ್ 1996ರಲ್ಲಿ ಬಿಟ್ಟು ಪಕ್ಕದ ಹೊಸ ಕಟ್ಟಡಕ್ಕೆ ಹೋದಾಗ ಹಳೆಯ ಕಟ್ಟಡ ಖಾಲಿ ಬೀಳಬಾರದೆಂದು ಹುಟ್ಟಿದ ತಂಡ ಫ್ಯಾಂಟಮ್ಸ್. ಎರಡೇ ವರ್ಷಗಳಲ್ಲಿ, 1998ರಲ್ಲಿ, ಅದು ಕಾಲ್ಡರ್ ಕಪ್ ಗೆದ್ದಿತು. ಆಗಿನ ನಾಯಕ ಜಾನ್ ಸ್ಟೀವನ್ಸ್. 2004–05ರಲ್ಲಿ ಅದೇ ಸ್ಟೀವನ್ಸ್ ತರಬೇತುದಾರ. ಆ ಋತುವಿನಲ್ಲಿ ಫ್ಯಾಂಟಮ್ಸ್ ಸತತವಾಗಿ 17 ಪಂದ್ಯಗಳನ್ನು ಗೆದ್ದು ಲೀಗಿನ ದಾಖಲೆ ಬರೆಯಿತು. 2011–12ರಲ್ಲಿ ನಾರ್ಫೋಕ್ ಅಡ್ಮಿರಲ್ಸ್ ಸತತ 28 ಗೆಲ್ಲುವವರೆಗೂ ಆ ದಾಖಲೆ ನಿಂತಿತ್ತು. ಗೋಲಿನಲ್ಲಿ ಫಿನ್ಲೆಂಡಿನ ಆಂಟೆರೊ ನೀಟ್ಟಿಮ್ಯಾಕಿ. ಮುಂದೆ ಆರ್. ಜೆ. ಅಂಬರ್ಗರ್, ಪ್ಯಾಟ್ರಿಕ್ ಶಾರ್ಪ್, ಜಾನ್ ಸಿಮ್. ವಸಂತದಲ್ಲಿ ಹದಿಹರೆಯದವರ ಜೂನಿಯರ್ ಲೀಗಿನ ಆಟ ಮುಗಿಸಿ ಜೆಫ್ ಕಾರ್ಟರ್, ಮೈಕ್ ರಿಚರ್ಡ್ಸ್ ಎಂಬ ಇಬ್ಬರು ಹುಡುಗರು ಬಂದು ಸೇರಿಕೊಂಡರು. 2003ರಲ್ಲಿ ಫ್ಲೈಯರ್ಸ್ ಮೊದಲ ಸುತ್ತಿನಲ್ಲೇ ಆರಿಸಿದ್ದ ಇವರಲ್ಲಿ ಕಾರ್ಟರ್ 21 ಪ್ಲೇಆಫ್ ಪಂದ್ಯಗಳಲ್ಲಿ 12 ಗೋಲು ಸೇರಿ 23 ಅಂಕ ಗಳಿಸಿ ಎಲ್ಲರಿಗಿಂತ ಮುಂದಾದರು.

ಅಂತಿಮ ಸರಣಿಯ ಎದುರಾಳಿ ಶಿಕಾಗೊ ವುಲ್ವ್ಸ್, ಮುಚ್ಚಿಹೋದ ಇಂಟರ್‌ನ್ಯಾಷನಲ್ ಲೀಗಿನಿಂದ ಬಂದ ತಂಡಗಳಲ್ಲೊಂದು. ಪಕ್ಕದ ದೊಡ್ಡ ಕ್ರೀಡಾಂಗಣದಲ್ಲಿ ಫ್ಲೈಯರ್ಸ್ ಇಲ್ಲದ್ದರಿಂದ ಫ್ಯಾಂಟಮ್ಸ್ ತನ್ನ ಆಟವನ್ನು ಅಲ್ಲಿಗೇ ಒಯ್ದಿತು. 2005ರ ಜೂನ್ 10ರಂದು ನಾಲ್ಕನೆಯ ಪಂದ್ಯಕ್ಕೆ 20,103 ಜನ ಸೇರಿದರು. ಫ್ಯಾಂಟಮ್ಸ್ ಆ ಪಂದ್ಯವನ್ನೂ ಗೆದ್ದು ಸರಣಿಯನ್ನು 4–0ಯಿಂದ ಮುಗಿಸಿತು. ನೀಟ್ಟಿಮ್ಯಾಕಿ ಪ್ಲೇಆಫ್‌ನ ಅತ್ಯುತ್ತಮ ಆಟಗಾರರಾದರು. ಎಂಟು ತಿಂಗಳ ನಂತರ ಟೂರಿನ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿಗೆ ಬೆಳ್ಳಿ ಗೆಲ್ಲಿಸಿಕೊಟ್ಟು ಅಲ್ಲಿಯೂ ಅದೇ ಗೌರವ ಪಡೆದರು. 20,103 ಜನ ಬಂದದ್ದು ಹಿರಿಯ ಲೀಗು ಇಲ್ಲದ ಹಸಿವಿನಿಂದ ಮಾತ್ರವೇ ಎಂದು ಕೆಲವರು ಕೇಳುತ್ತಾರೆ. ಹಸಿವು ಇತ್ತು, ನಿಜ. ಆದರೆ ಜೂನ್ ತಿಂಗಳ ರಾತ್ರಿ ಅಷ್ಟು ಜನರನ್ನು ಕೊನೆಯವರೆಗೆ ಕೂರಿಸಿದ್ದು ಅವರ ಕಣ್ಣೆದುರಿನ ಆಟ.

ಅದೇ ಚಳಿಗಾಲದಲ್ಲಿ ಇನ್ನೂ ಕೆಳಗಿನ ಮೆಟ್ಟಿಲಲ್ಲಿ ನಡೆದ ಒಂದು ಪ್ರಕರಣವನ್ನು ಹೇಳದೆ ಬಿಡುವಂತಿಲ್ಲ. ಯುನೈಟೆಡ್ ಹಾಕಿ ಲೀಗಿನಲ್ಲಿ ಕನೆಕ್ಟಿಕಟ್‌ನ ಡ್ಯಾನ್‌ಬರಿ ಊರಿಗೆ ಟ್ರ್ಯಾಷರ್ಸ್ ಎಂಬ ಹೊಸ ತಂಡ ಬಂದಿತು. ಮಾಲೀಕ ಜೇಮ್ಸ್ ಗಲಾಂಟೆ ಕಸ ಸಾಗಣೆಯ ಉದ್ಯಮಿ. ತಂಡ ನಡೆಸಲು ನೇಮಿಸಿದ್ದು ತಮ್ಮ 17 ವರ್ಷದ ಮಗನನ್ನು. 2003ರಲ್ಲಿ ಸ್ಟ್ಯಾನ್ಲಿ ಕಪ್ ಗೆಲ್ಲಿಸಿದ ಗೋಲು ಹೊಡೆದ ಮೈಕ್ ರಪ್ ಲಾಕೌಟಿನಲ್ಲಿ ಅಲ್ಲಿ ಆಡಿದರು. ಆ ಪುಟ್ಟ ಲೀಗಿನಲ್ಲೂ ಸಂಬಳದ ಮಿತಿಯೊಂದಿತ್ತು. ಅದನ್ನು ಮೀರಿ ಗುಟ್ಟಾಗಿ ಹಣ ಕೊಟ್ಟ ವಂಚನೆಯೂ ಸೇರಿದಂತೆ ಹಲವು ಆರೋಪಗಳನ್ನು 2006ರಲ್ಲಿ ಎದುರಿಸಿದ ಗಲಾಂಟೆ 2008ರಲ್ಲಿ ತಪ್ಪೊಪ್ಪಿಕೊಂಡು ಸೆರೆವಾಸ ಅನುಭವಿಸಿದರು. ತಂಡ ಎರಡೇ ಋತುಗಳಲ್ಲಿ ಮುಚ್ಚಿತು. ಎನ್‌ಎಚ್‌ಎಲ್ ಯಾವ ಮಿತಿಗಾಗಿ ಬೀಗ ಹಾಕಿತೋ ಅಂಥದೇ ಮಿತಿ ಅತ್ಯಂತ ಕೆಳಗಿನ ಮೆಟ್ಟಿಲಲ್ಲಿ ಒಬ್ಬ ಮಾಲೀಕನನ್ನು ಸೆರೆಮನೆಗೆ ಕಳಿಸಿದ ಪ್ರಕರಣದ ಭಾಗವಾಯಿತು.

ಉಪನ್ಯಾಸದ ಬಳಿಕ ಸಭೆಯಿಂದ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸುತ್ತೇನೆ, ಏಕೆಂದರೆ ಅದು ನಾನು ಮಾತಿನಲ್ಲಿ ಹೆಚ್ಚು ಸಮಯ ಕೊಡಬೇಕಾದ ಭಾಗಕ್ಕೆ ಕೈ ತೋರಿಸಿತು. ಮೇಲಿನವರು ಕೆಳಗೆ ಬಂದಾಗ ಕೆಳಗಿದ್ದವರು ಎಲ್ಲಿ ಹೋದರು ಎಂದು ಒಬ್ಬರು ಕೇಳಿದರು. ಎಎಚ್‌ಎಲ್ ತಂಡವೊಂದರಲ್ಲಿ ಪಂದ್ಯಕ್ಕೆ ಇಳಿಯುವವರ ಸಂಖ್ಯೆ ಬೆಳೆಯುವುದಿಲ್ಲ. ಸ್ಪೆಜ್ಜಾ ಬಂದರೆ ಒಬ್ಬ ಬಿಂಗ್‌ಹ್ಯಾಮ್ಟನ್ ಆಟಗಾರ ಇಸಿಎಚ್‌ಎಲ್‌ಗೆ ಇಳಿಯಬೇಕು, ಆತ ಇಳಿದರೆ ಇಸಿಎಚ್‌ಎಲ್‌ನ ಒಬ್ಬ ಇನ್ನೂ ಕೆಳಗೆ ಹೋಗಬೇಕು ಅಥವಾ ಆಟವನ್ನೇ ಬಿಟ್ಟು ಬೇರೆ ಕೆಲಸ ನೋಡಬೇಕು. ಕೋಟಿಗಳ ಲೆಕ್ಕದಲ್ಲಿ ನಡೆದ ಜಗಳದ ಭಾರ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿದು, ವಾರದ ಸಂಬಳ ನಂಬಿದವರ ಮೇಲೆ ಬಿದ್ದಿತು. ಎರಡು ಕಡೆಯ ಮಾತುಕತೆಯ ಮೇಜಿನಲ್ಲೂ ಅವರಿಗೆ ಕುರ್ಚಿ ಇರಲಿಲ್ಲ. ಲಾಕೌಟಿನ ಇತಿಹಾಸಗಳಲ್ಲಿ ಇವರ ಹೆಸರು ಹುಡುಕಿದರೆ ಸಿಗುವುದಿಲ್ಲ. ಇದು ಆ ಇತಿಹಾಸಗಳ ದೊಡ್ಡ ಕೊರತೆ ಎಂದು ನಾನು ಖಚಿತವಾಗಿ ಹೇಳುತ್ತೇನೆ.

ಉಳಿದುಕೊಂಡವರೂ ಇದ್ದರು. ಗೆದ್ದ ಫ್ಯಾಂಟಮ್ಸ್ ತಂಡವನ್ನೇ ನೋಡಿ. ಕಾರ್ಟರ್, ರಿಚರ್ಡ್ಸ್ 2012ರಲ್ಲಿ ಲಾಸ್ ಏಂಜಲಿಸ್ ಪರ ಸ್ಟ್ಯಾನ್ಲಿ ಕಪ್ ಎತ್ತಿದರು, ಶಾರ್ಪ್ ಶಿಕಾಗೊ ಪರ ಮೂರು ಸಲ ಎತ್ತಿದರು, ಸ್ಟೀವನ್ಸ್ 2006ರಲ್ಲಿ ಫ್ಲೈಯರ್ಸ್ ತರಬೇತುದಾರರಾದರು. ಆದರೆ ಆ ತಂಡದ ನಾಯಕ ಬಾಯ್ಡ್ ಕೇನ್, ಎಎಚ್‌ಎಲ್‌ನಲ್ಲಿ ನೂರಾರು ಪಂದ್ಯ ಆಡಿದವರು. ಎನ್‌ಎಚ್‌ಎಲ್‌ನಲ್ಲಿ ಅವರ ಇಡೀ ವೃತ್ತಿಜೀವನದ ಪಂದ್ಯಗಳು ಅರ್ಧ ಋತುವಿನಷ್ಟೂ ಆಗುವುದಿಲ್ಲ. ನೀಟ್ಟಿಮ್ಯಾಕಿಯವರ ಹಿಂದೆ ಎರಡನೆಯ ಗೋಲ್‌ಕೀಪರ್ ಆಗಿದ್ದ ನೀಲ್ ಲಿಟ್ಲ್, ಸ್ಟೀವನ್ಸ್ ನಾಯಕರಾಗಿದ್ದ 1998ರ ತಂಡದಲ್ಲೂ ಕಪ್ ಗೆದ್ದಿದ್ದವರು, ಫಿಲಡೆಲ್ಫಿಯಾದ ಎರಡೂ ಕಾಲ್ಡರ್ ಕಪ್ಪುಗಳಲ್ಲಿ ಪಾಲು ಪಡೆದ ಆಟಗಾರ. ಎನ್‌ಎಚ್‌ಎಲ್‌ನಲ್ಲಿ ಅವರು ಆಡಿದ್ದು ಎರಡು ಪಂದ್ಯ. ಸ್ಪೆಕ್ಟ್ರಮ್ 2009ರಲ್ಲಿ ಮುಚ್ಚಿತು. ಫ್ಯಾಂಟಮ್ಸ್ ನ್ಯೂಯಾರ್ಕ್ ರಾಜ್ಯದ ಗ್ಲೆನ್ಸ್ ಫಾಲ್ಸ್‌ಗೆ ಹೋಗಿ, 2014ರಲ್ಲಿ ಪೆನ್ಸಿಲ್ವೇನಿಯಾಗೆ ಮರಳಿ, ಈಗ ಆಲನ್‌ಟೌನ್‌ನಲ್ಲಿ ಆಡುತ್ತಿದೆ.